ಗುಬಾರಿನ ಊರಿನಲ್ಲಿ ಮನೆಗೊಂದು ವ್ಯಾಕ್ಯೂಮ್

ಮಗಳೇ, ದಮಾಮಿನ ಹೊಸ ಮನೆಗೆ ಕಾರ್ಡ್‌ಲೆಸ್ ವ್ಯಾಕ್ಯೂಮ್ ಕ್ಲೀನರ್ ಕೊಳ್ಳಬೇಕು, ಡೈಸನ್ ಒಳ್ಳೆಯದೋ ಸ್ಯಾಮ್‌ಸಂಗ್ ಒಳ್ಳೆಯದೋ ಎಂದು ಕೇಳಿದ್ದೀಯ. ಒಂದು ಹೆಸರು ಹೇಳಿ ಮುಗಿಸಿಬಿಡುವುದು ಸುಲಭ. ಆದರೆ ಕೆಲವು ನೂರು ರಿಯಾಲಿನಿಂದ ಹಿಡಿದು ಎರಡು ಮೂರು ಸಾವಿರ ರಿಯಾಲಿನ ತನಕ ಬೆಲೆ ಇರುವ ಸಾಮಾನು ಅದು. ಗಂಡ ಬಿಸಿಲಿನಲ್ಲಿ ದುಡಿದು ತಂದ ಹಣ. ಹಾಗಾಗಿ ಯಾವುದನ್ನು ನೋಡಿ ಕೊಳ್ಳಬೇಕು, ಯಾವುದನ್ನು ನೋಡಿ ಮರುಳಾಗಬಾರದು ಎಂದು ಬಿಡಿಸಿ ಹೇಳುತ್ತೇನೆ. ಸ್ವಲ್ಪ ತಾಳ್ಮೆಯಿಂದ ಓದು.

ಮೊದಲು ಇಲ್ಲಿನ ಧೂಳನ್ನು ಅರ್ಥ ಮಾಡಿಕೊ. ನಮ್ಮ ಉಡುಪಿ, ಕುಂದಾಪುರದ ಕಡೆ ಮನೆಯೊಳಗೆ ಬರುವುದು ಕೆಂಪು ಮಣ್ಣು, ಒಣಗಿದ ಎಲೆಯ ಚೂರು, ಅಂಗಳದ ಮರಳು. ಹಿಡಿಸೂಡಿ ಹಿಡಿದು ಗುಡಿಸಿದರೆ ಮೂಲೆಯಲ್ಲಿ ರಾಶಿ ಬೀಳುತ್ತದೆ. ಜೂನ್ ಬಂತೆಂದರೆ ನಾಲ್ಕು ತಿಂಗಳು ಮಳೆಯೇ ಊರನ್ನು ತೊಳೆಯುತ್ತದೆ. ಇಲ್ಲಿ ಅದೇ ಜೂನಿನಲ್ಲಿ ವಾಯವ್ಯದಿಂದ ಶಮಾಲ್ ಗಾಳಿ ಬೀಸುತ್ತದೆ. ಸೌದಿಯ ಪೂರ್ವ ಪ್ರಾಂತದ ದಮಾಮ್, ಖೋಬರ್, ಜುಬೈಲ್ ಮೂರಕ್ಕೂ ಜೂನ್, ಜುಲೈ ಎಂದರೆ ಈ ಗಾಳಿಯ ಕಾಲ. ರಿಯಾದಿನವರಿಗೆ ಮಾರ್ಚಿನಿಂದ ಮೇ ತನಕ ಗುಬಾರಿನ, ಎಂದರೆ ಧೂಳುಗಾಳಿಯ, ಕಾಟ ಹೆಚ್ಚು. 2009ರ ಮಾರ್ಚ್ 10ರಂದು ರಿಯಾದಿಗೆ ಬಡಿದ ಧೂಳಿನ ಬಿರುಗಾಳಿಯನ್ನು ಕಂಡವರು ಈಗಲೂ ಮರೆತಿಲ್ಲ. ಹಗಲಲ್ಲೇ ಕತ್ತಲು ಕವಿದ ದಿನ ಅದು.

ಈ ಧೂಳು ಕಣ್ಣಿಗೆ ಕಾಣುವ ಮರಳಿಗಿಂತ ಎಷ್ಟೋ ನುಣುಪು. ಬಾಗಿಲು ಮುಚ್ಚಿದರೂ ಜಾರುಕಿಟಕಿಯ ಸಂದಿನಿಂದ, ಎಕ್ಸಾಸ್ಟ್ ಫ್ಯಾನಿನಿಂದ, ಕಿಟಕಿ ಎಸಿಯ ಸುತ್ತಲಿನ ಬಿರುಕಿನಿಂದ ಒಳಗೆ ಬರುತ್ತದೆ. ಪೊರಕೆಯಿಂದ ಗುಡಿಸಿದರೆ ದಪ್ಪ ಮರಳು ಮಾತ್ರ ಮುಂದೆ ಹೋಗುತ್ತದೆ, ನುಣ್ಣನೆಯದು ಗಾಳಿಗೆ ಏಳುತ್ತದೆ. ಹತ್ತು ಮೈಕ್ರಾನಿನ ಕಣ ತಲೆಯೆತ್ತರದಿಂದ ನೆಲಕ್ಕೆ ಇಳಿಯಲು ಕೆಲವು ನಿಮಿಷ ಸಾಕು. ಒಂದು ಮೈಕ್ರಾನಿನದು ಗಂಟೆಗಟ್ಟಲೆ ಗಾಳಿಯಲ್ಲೇ ತೇಲುತ್ತಿರುತ್ತದೆ. ನಮ್ಮ ತಲೆಕೂದಲಿನ ದಪ್ಪ ಸುಮಾರು ಎಪ್ಪತ್ತು ಮೈಕ್ರಾನ್ ಎಂದರೆ ಲೆಕ್ಕ ಹಾಕಿಕೊ. ಬೆಳಿಗ್ಗೆ ಗುಡಿಸಿ ಒರೆಸಿದ ಟೀಪಾಯಿಯ ಮೇಲೆ ಮಧ್ಯಾಹ್ನ ಮತ್ತೆ ಬೆರಳಿನ ಗುರುತು ಮೂಡುವುದು ಇದರಿಂದಲೇ. ಅದರಲ್ಲಿ ಹೊರಗಿನಿಂದ ಹೊಸದಾಗಿ ಬಂದದ್ದೂ ಇದೆ, ನಾವೇ ಎಬ್ಬಿಸಿದ್ದು ತಿರುಗಿ ಇಳಿದದ್ದೂ ಇದೆ.

ಆದ್ದರಿಂದ ನನ್ನ ಮಾತಿನ ಸಾರ ಇಷ್ಟು: ಈ ದೇಶದಲ್ಲಿ ವ್ಯಾಕ್ಯೂಮ್ ಎಷ್ಟು ಜೋರಾಗಿ ಹೀರುತ್ತದೆ ಎಂಬುದು ಎರಡನೆಯ ಪ್ರಶ್ನೆ. ಹೀರಿದ ಧೂಳನ್ನು ಬಿಗಿಯಾಗಿ ಒಳಗೆ ಹಿಡಿದಿಡುತ್ತದೆಯೇ ಎಂಬುದು ಮೊದಲನೆಯದು. ಮುಂದಿನಿಂದ ಹೀರಿ ಹಿಂದಿನಿಂದ ಉಗುಳುವ ಯಂತ್ರಕ್ಕಿಂತ ಒದ್ದೆ ಬಟ್ಟೆಯೇ ವಾಸಿ.

ಈ ಯಂತ್ರ ಹುಟ್ಟಿದ್ದೇ ಈ ಸಂಕಟದಿಂದ. 1901ರಲ್ಲಿ ಲಂಡನ್ನಿನ ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ಗಾಳಿ ಹೀರಿ ಧೂಳು ತೆಗೆಯುವ ಯಂತ್ರ ಮಾಡಿದರು. ಆದರೆ ಅದು ಕುದುರೆಗಾಡಿಯ ಮೇಲೆ ಬೀದಿಗೆ ಬರುವಷ್ಟು ದೊಡ್ಡದು. ಮನೆಯಲ್ಲಿ ಒಬ್ಬರೇ ನೂಕಿಕೊಂಡು ಹೋಗುವ ನೆಟ್ಟನೆಯ ಯಂತ್ರ ಮಾಡಿದವರು ಅಮೆರಿಕದ ಒಹಾಯೊ ರಾಜ್ಯದ ಜೇಮ್ಸ್ ಮರೆ ಸ್ಪ್ಯಾಂಗ್ಲರ್. ಅಂಗಡಿಯೊಂದರಲ್ಲಿ ಕಸ ಗುಡಿಸುವ ಕೆಲಸ, ಮೈಯಲ್ಲಿ ಉಬ್ಬಸ. ಕಾರ್ಪೆಟ್ ಗುಡಿಸುವಾಗ ಏಳುವ ಧೂಳು ಅವರಿಗೆ ತಡೆಯಲಾಗುತ್ತಿರಲಿಲ್ಲ. ಫ್ಯಾನಿನ ಮೋಟಾರು, ಪೊರಕೆಯ ಹಿಡಿ, ಧೂಳು ಹಿಡಿಯಲು ಒಂದು ದಿಂಬಿನ ಚೀಲ, ಇಷ್ಟನ್ನು ಜೋಡಿಸಿದರು. 1908ರಲ್ಲಿ ಪೇಟೆಂಟ್ ಸಿಕ್ಕಿತು, ಹೂವರ್ ಕುಟುಂಬ ಅದನ್ನು ಕೊಂಡಿತು. ಆ ದಿಂಬಿನ ಚೀಲವನ್ನು ನೆನಪಿಟ್ಟುಕೊ. ಧೂಳು ಹಿಡಿದಿಡುವ ಚೀಲ ಇಲ್ಲದಿದ್ದರೆ ಉಬ್ಬಸದವರಿಗೆ ಆ ಮೋಟಾರಿನಿಂದ ಏನೂ ಉಪಯೋಗವಾಗುತ್ತಿರಲಿಲ್ಲ.

ಇಂದಿನ ಕಾರ್ಡ್‌ಲೆಸ್‌ನಲ್ಲಿ ಚೀಲ ಇಲ್ಲ, ಪಾರದರ್ಶಕ ಡಬ್ಬಿ ಇದೆ. ಗಾಳಿಯನ್ನು ಸುಳಿಯಂತೆ ತಿರುಗಿಸಿ ಧೂಳನ್ನು ಬದಿಗೆ ಎಸೆಯುವ ಈ ಸೈಕ್ಲೋನ್ ವಿಧಾನವನ್ನು ಮನೆಬಳಕೆಗೆ ತಂದವರು ಜೇಮ್ಸ್ ಡೈಸನ್. 5127 ಮಾದರಿಗಳನ್ನು ಮಾಡಿ ನೋಡಿದ ಮೇಲೆ ಅದು ಕೈಗೂಡಿತಂತೆ. ಸೈಕ್ಲೋನ್ ದಪ್ಪ ಕಸವನ್ನೂ ಬಹುಪಾಲು ಧೂಳನ್ನೂ ಡಬ್ಬಿಗೆ ಹಾಕುತ್ತದೆ. ಅದರಿಂದ ತಪ್ಪಿಸಿಕೊಂಡ ಅತಿ ಸಣ್ಣದನ್ನು ಹಿಡಿಯುವುದು ಫಿಲ್ಟರ್. ಅಂಗಡಿಯಲ್ಲಿ ಡಬ್ಬದ ಮೇಲೆ ಹೆಪಾ ಎಂದು ಬರೆದಿರುತ್ತಾರೆ. ಅಮೆರಿಕದ ಲೆಕ್ಕದಲ್ಲಿ 0.3 ಮೈಕ್ರಾನಿನ ಕಣಗಳಲ್ಲಿ 99.97 ಶೇಕಡಾ ಹಿಡಿದರೆ ಅದು ಹೆಪಾ. ಯುರೋಪಿನ ಎಚ್13 ದರ್ಜೆಗೆ 99.95 ಶೇಕಡಾ.

ಇಲ್ಲಿ ಒಂದು ಸೂಕ್ಷ್ಮ ಇದೆ. ಫಿಲ್ಟರ್ ಮಾತ್ರ ಹೆಪಾ ಆಗಿದ್ದು, ಡಬ್ಬಿಯ ಮುಚ್ಚಳದ ಸಂದಿನಲ್ಲಿ, ಕೊಳವೆಯ ಕೀಲಿನಲ್ಲಿ ಗಾಳಿ ಸೋರಿದರೆ ಪ್ರಯೋಜನವಿಲ್ಲ. ಫಿಲ್ಟರಿನಷ್ಟೇ ಅಲ್ಲದೆ ಇಡೀ ಯಂತ್ರ ಬಿಗಿಯಾಗಿದೆ, ಹೊರಬರುವ ಗಾಳಿಯನ್ನೂ ಪರೀಕ್ಷಿಸಿದೆ ಎಂದು ಹೇಳುವ ಮಾದರಿಯನ್ನು ಹುಡುಕು. "ಹೆಪಾ ಮಾದರಿಯ ಫಿಲ್ಟರ್" ಎಂದು ಬರೆದು ದರ್ಜೆಯನ್ನು ಹೇಳದೆ ಬಿಟ್ಟದ್ದನ್ನು ನಂಬಬೇಡ. ಡೆಮೊ ಇಟ್ಟಿರುವ ಅಂಗಡಿಯಲ್ಲಿ ಯಂತ್ರ ಚಾಲೂ ಮಾಡಿಸಿ ಹೊರಗಾಳಿ ಬರುವ ಜಾಗಕ್ಕೆ ಅಂಗೈ ಹಿಡಿದು ನೋಡು. ಗಾಳಿ ಮುಖಕ್ಕೇ ಬಡಿಯುವಂತಿದೆಯೇ, ನೆಲದ ಕಡೆ ಬೀಸಿ ಬಿದ್ದಿರುವ ಧೂಳನ್ನು ಹಾರಿಸುವಂತಿದೆಯೇ ಎಂದು ಗೊತ್ತಾಗುತ್ತದೆ.

ಡಬ್ಬಿ ಖಾಲಿ ಮಾಡುವ ಬಗೆಯನ್ನೂ ಅಲ್ಲೇ ಕೇಳು. ಗುಂಡಿ ಒತ್ತಿದ ಕೂಡಲೇ ತಳ ತೆರೆದು ಧೂಳೆಲ್ಲ ಒಮ್ಮೆಲೇ ಬೀಳುವ ಡಬ್ಬಿಗಳೇ ಹೆಚ್ಚು. ಸಣ್ಣ ಅಡುಗೆಮನೆಯಲ್ಲಿ ಹಾಗೆ ಮಾಡಿದರೆ ಅಷ್ಟು ಹೊತ್ತಿನ ಶ್ರಮ ನೀರುಪಾಲು. ದೊಡ್ಡ ಪ್ಲಾಸ್ಟಿಕ್ ಚೀಲದೊಳಗೆ ಡಬ್ಬಿಯನ್ನು ಇಳಿಸಿ, ಚೀಲದ ಬಾಯಿ ಕೈಯಲ್ಲಿ ಬಿಗಿಹಿಡಿದು ತೆರೆ. ಮನೆಯಲ್ಲಿ ಯಾರಿಗಾದರೂ ಉಬ್ಬಸವಿದ್ದರೆ ಡಬ್ಬಿಯ ಧೂಳನ್ನು ತಾನೇ ಎಳೆದು ಚೀಲಕ್ಕೆ ತುಂಬುವ ಸ್ಟೇಷನ್ ಇರುವ ಮಾದರಿ ಒಳ್ಳೆಯದು. ಸ್ಯಾಮ್‌ಸಂಗ್ ಜೆಟ್ ಸರಣಿಗೆ ಅಂಥದ್ದು ಸಿಗುತ್ತದೆ. ಖರ್ಚು ಜಾಸ್ತಿ, ಚೀಲಗಳನ್ನೂ ಕೊಳ್ಳುತ್ತಿರಬೇಕು. ಆದರೆ ಉಬ್ಬಸದವರ ಮನೆಯಲ್ಲಿ ಆ ಖರ್ಚಿಗೆ ಅರ್ಥವಿದೆ.

ಈಗ ಅಂಕಿಗಳ ವಿಷಯ. ಒಂದು ಡಬ್ಬದ ಮೇಲೆ 600 ವ್ಯಾಟ್, ಇನ್ನೊಂದರ ಮೇಲೆ 25,000 ಪಾಸ್ಕಲ್, ಮತ್ತೊಂದರ ಮೇಲೆ 150 ಏರ್ ವ್ಯಾಟ್ ಎಂದು ಇರುತ್ತದೆ. ಮೂರೂ ಬೇರೆ ಬೇರೆ ಅಳತೆ, ಒಂದಕ್ಕೊಂದು ಹೋಲಿಸಬೇಡ. ವ್ಯಾಟ್ ಎಂದರೆ ಮೋಟಾರು ತಿನ್ನುವ ವಿದ್ಯುತ್ತು, ಹೀರುವ ಶಕ್ತಿಯಲ್ಲ. ಪಾಸ್ಕಲ್ ಎಂದರೆ ಎಳೆತದ ಒತ್ತಡ ಮಾತ್ರ, ಅದರಲ್ಲಿ ಎಷ್ಟು ಗಾಳಿ ಹರಿಯುತ್ತದೆ ಎಂಬ ಲೆಕ್ಕವಿಲ್ಲ. ಒತ್ತಡ, ಗಾಳಿಯ ಹರಿವು ಎರಡನ್ನೂ ಕೂಡಿಸಿ ಹೇಳುವುದು ಏರ್ ವ್ಯಾಟ್. ಆದ್ದರಿಂದ ಏರ್ ವ್ಯಾಟನ್ನು ಏರ್ ವ್ಯಾಟಿನ ಜೊತೆಗೇ ಇಟ್ಟು ನೋಡು.

ಡೈಸನ್ ಕಂಪನಿಯ ಮಾತಿನಲ್ಲೇ ಹೇಳುವುದಾದರೆ 2016ರ ವಿ8 ಮಾದರಿಗೆ 115 ಏರ್ ವ್ಯಾಟ್, 2021ರ ವಿ15ಕ್ಕೆ 240. ಎರಡು ಪಟ್ಟು ಎಂದು ಕಂಡರೂ ಅದು ಬೂಸ್ಟ್‌ನಲ್ಲಿ ಇಟ್ಟಾಗಿನ ಶಕ್ತಿ. ಬೂಸ್ಟ್‌ನಲ್ಲಿ ಯಾವ ಬ್ಯಾಟರಿಯೂ ಹೆಚ್ಚು ನಿಮಿಷ ಬಾಳುವುದಿಲ್ಲ. ದಿನನಿತ್ಯ ನೀನು ಬಳಸುವುದು ನಡುವಿನ ಶಕ್ತಿಯಲ್ಲಿ. ಟೈಲ್ಸ್ ನೆಲಕ್ಕೆ ಅದು ಧಾರಾಳ ಸಾಕು. ಹಾಗೆಯೇ "60 ನಿಮಿಷ ಓಡುತ್ತದೆ" ಎಂಬ ಮಾತನ್ನು ಬಿಡಿಸಿ ಓದು. ಅತಿ ಕಡಿಮೆ ಶಕ್ತಿಯಲ್ಲಿಟ್ಟು, ಮೋಟಾರಿಲ್ಲದ ಸಣ್ಣ ಬಾಯಿ (ನಾಜಲ್) ಸಿಕ್ಕಿಸಿದಾಗಿನ ಲೆಕ್ಕ ಅದು. ತಿರುಗುವ ಬ್ರಷ್ ಹಾಕಿ ಕಾರ್ಪೆಟ್ ಮೇಲೆ ಓಡಿಸಿದರೆ ಸಮಯ ಬಹಳ ಕಡಿಮೆಯಾಗುತ್ತದೆ. ಡಬ್ಬದ ಮೇಲಿನ ನಿಮಿಷವನ್ನು ಅರ್ಧ ಮಾಡಿ, ಅಷ್ಟರಲ್ಲಿ ನಿನ್ನ ಮನೆ ಮುಗಿಯುತ್ತದೆಯೇ ಎಂದು ಯೋಚಿಸು.

ಮನೆಯ ನೆಲ ಹೇಗಿದೆ ಎಂಬುದರ ಮೇಲೆ ಉಳಿದ ತೀರ್ಮಾನ. ಇಲ್ಲಿನ ಫ್ಲಾಟುಗಳಲ್ಲಿ ಹಾಲಿಗೆ, ಅಡುಗೆಮನೆಗೆ ಟೈಲ್ಸ್ ಇದ್ದು, ಮಲಗುವ ಕೋಣೆಗೆ ಗೋಡೆಯಿಂದ ಗೋಡೆಗೆ ಮೋಕೆಟ್ ಎಂಬ ಕಾರ್ಪೆಟ್ ಹಾಸಿರುವುದು ಸಾಮಾನ್ಯ. ಹಳೆಯ ಬಾಡಿಗೆದಾರರು ಬಿಟ್ಟುಹೋದ ಮೋಕೆಟ್ ಆದರೆ ಅದರ ಬುಡದಲ್ಲಿ ವರ್ಷಗಳ ಮರಳು ಕೂತಿರುತ್ತದೆ. ಅದನ್ನು ಎಬ್ಬಿಸಿ ತೆಗೆಯುವುದು ಕಾರ್ಡ್‌ಲೆಸ್‌ನ ಕೆಲಸವಲ್ಲ. ಸೌದಿ ಮನೆಗಳಲ್ಲಿ ಹಿತಾಚಿ, ಪ್ಯಾನಸೋನಿಕ್ ಕಂಪನಿಗಳ ಡ್ರಮ್ಮಿನಾಕಾರದ ತಂತಿಯ ವ್ಯಾಕ್ಯೂಮ್ ಇಟ್ಟುಕೊಳ್ಳುವುದು ಸುಮ್ಮನೆ ಅಲ್ಲ. ಅತಿಥಿಗಳನ್ನು ಕೂರಿಸುವ ಮಜ್ಲಿಸಿನ ದಪ್ಪ ಕಾರ್ಪೆಟ್ಟಿಗೆ ಅದೇ ತಕ್ಕದ್ದು. ನಿನ್ನ ಮನೆ ಪೂರ್ತಿ ಮೋಕೆಟ್ ಆಗಿದ್ದರೆ ಮೊದಲು ಅಂಥ ಡ್ರಮ್ ಒಂದನ್ನು ಕೊಳ್ಳು, ಕಾರ್ಡ್‌ಲೆಸ್ ಮುಂದಿನ ವರ್ಷ ನೋಡಿದರಾಯಿತು. ಮುಕ್ಕಾಲು ಪಾಲು ಟೈಲ್ಸ್, ಒಂದೆರಡು ಸಣ್ಣ ಕಾರ್ಪೆಟ್ ಇದ್ದರೆ ಕಾರ್ಡ್‌ಲೆಸ್ ಒಂದೇ ಸಾಕು.

ಟೈಲ್ಸ್‌ಗೆ ಮೆತ್ತನೆಯ ಬಟ್ಟೆಯಂಥ ರೋಲರ್ ಇರುವ ಬಾಯಿ ಬೇಕು. ನುಣ್ಣನೆಯ ಧೂಳನ್ನು ಅದು ಒರೆಸಿದ ಹಾಗೆ ಎತ್ತಿಕೊಳ್ಳುತ್ತದೆ. ಗಟ್ಟಿ ಬಿರುಗೂದಲಿನ ರೋಲರ್ ಕಾರ್ಪೆಟ್ಟಿಗೆ ಸರಿ, ಟೈಲ್ಸ್ ಮೇಲೆ ಮರಳಿನ ಕಾಳನ್ನು ಹಿಂದಕ್ಕೆ ಚಿಮ್ಮಿಸುತ್ತದೆ. ಎರಡೂ ಬಾಯಿ ಡಬ್ಬದಲ್ಲೇ ಇವೆಯೇ, ಒಂದನ್ನು ಬೇರೆ ಕೊಳ್ಳಬೇಕೇ ಎಂದು ಬೆಲೆ ಹೋಲಿಸುವಾಗಲೇ ನೋಡು. ಅಂಗಡಿಯವರು ಕಡಿಮೆ ಬೆಲೆ ಹಾಕಿದ ಮಾದರಿಯಲ್ಲಿ ಹಲವು ಸಲ ಒಂದೇ ಬಾಯಿ ಇರುತ್ತದೆ. ನಿನ್ನ ಹಾಗೆ ಉದ್ದ ಕೂದಲಿನ ಹೆಣ್ಣುಮಕ್ಕಳಿರುವ ಮನೆಯಲ್ಲಿ ರೋಲರಿಗೆ ಕೂದಲು ಸುತ್ತಿಕೊಳ್ಳುವುದು ದೊಡ್ಡ ರಗಳೆ. ರೋಲರನ್ನು ಕೈಯಲ್ಲೇ ಬಿಚ್ಚಿ ತೆಗೆಯಲು ಬರುತ್ತದೆಯೇ ಎಂದು ಪರೀಕ್ಷಿಸು.

ಸಣ್ಣ ಬಾಯಿಗಳನ್ನು ಹಗುರವಾಗಿ ಕಾಣಬೇಡ. ಗುಬಾರಿನ ಊರಿನಲ್ಲಿ ಧೂಳು ಸೇರುವುದು ಜಾರುಕಿಟಕಿಯ ಹಳಿಯಲ್ಲಿ, ಎಸಿಯ ಜಾಲರಿಯಲ್ಲಿ, ಪರದೆಯ ಮಡಿಕೆಯಲ್ಲಿ, ಹಾಸಿಗೆಯಲ್ಲಿ. ಕೋಲು ಕಳಚಿ ಕೈಯಂತ್ರವಾಗುವ ಕಾರ್ಡ್‌ಲೆಸ್‌ನ ನಿಜವಾದ ಉಪಯೋಗ ಅಲ್ಲೇ ಇದೆ. ಕಾರಿನ ಸೀಟಿಗೂ ಆಗುತ್ತದೆ. ತಂತಿಯ ಡ್ರಮ್ಮನ್ನು ಮೂರನೆಯ ಮಹಡಿಯಿಂದ ಪಾರ್ಕಿಂಗಿಗೆ ಯಾರು ಇಳಿಸುತ್ತಾರೆ?

ಇನ್ನು ತೂಕ. ನೆಟ್ಟನೆಯ ಕಾರ್ಡ್‌ಲೆಸ್‌ನಲ್ಲಿ ಎರಡು ಜಾತಿ. ಮೋಟಾರು, ಡಬ್ಬಿ, ಬ್ಯಾಟರಿ ಎಲ್ಲ ಕೈಹಿಡಿಯ ಬಳಿಯೇ ಇರುವುದು ಒಂದು. ಡೈಸನ್, ಸ್ಯಾಮ್‌ಸಂಗ್ ಜೆಟ್, ಎಲ್‌ಜಿಯ ಕಾರ್ಡ್‌ಜೀರೊ ಎ9, ಫಿಲಿಪ್ಸ್ ಸ್ಪೀಡ್‌ಪ್ರೊ ಮ್ಯಾಕ್ಸ್, ಶಓಮಿ, ಡ್ರೀಮಿ ಎಲ್ಲ ಈ ಜಾತಿ. ಮೇಲಕ್ಕೆತ್ತಿ ಎಸಿ ಜಾಲರಿಯ ಧೂಳು ತೆಗೆಯಲು, ಮಂಚದ ಕೆಳಗೆ ನುಗ್ಗಿಸಲು ಇದು ಅನುಕೂಲ. ಆದರೆ ಎರಡೂವರೆ ಮೂರು ಕಿಲೊ ಭಾರ ಮಣಿಕಟ್ಟಿನ ಮೇಲೇ ಬೀಳುತ್ತದೆ, ಕೈಬಿಟ್ಟರೆ ತಾನಾಗಿ ನಿಲ್ಲುವುದಿಲ್ಲ. ಮೋಟಾರು ಕೆಳಗೆ ಇದ್ದು ತಾನಾಗಿ ನಿಲ್ಲುವುದು ಇನ್ನೊಂದು ಜಾತಿ. ಹೂವರ್‌ನ ಒನ್‌ಪವರ್ ಸರಣಿಯ ಕೆಲವು ಈ ಬಗೆಯವು. ಕೈಗೆ ಹಗುರ, ಕಾರ್ಪೆಟ್ ಮೇಲೆ ಚೆನ್ನಾಗಿ ಕೂರುತ್ತದೆ, ಆದರೆ ತಗ್ಗಾದ ಮಂಚದ ಕೆಳಗೆ ಹೋಗುವುದಿಲ್ಲ. ಊರಿನಿಂದ ಅಮ್ಮನೋ ಅತ್ತೆಯೋ ವಿಸಿಟ್ ವೀಸಾದಲ್ಲಿ ಬಂದು ತಿಂಗಳುಗಟ್ಟಲೆ ಇರುತ್ತಾರೆ, ಸುಮ್ಮನೆ ಕೂರುವವರಲ್ಲ. ಅವರ ಕೈಗೂ ಆಗುವಂಥದ್ದನ್ನು ನೋಡು.

ಡೈಸನ್‌ನ ಬಹಳ ಮಾದರಿಗಳಲ್ಲಿ ಬಂದೂಕಿನಂತೆ ಟ್ರಿಗರ್ ಒತ್ತಿ ಹಿಡಿದೇ ಇರಬೇಕು. ಬ್ಯಾಟರಿ ಉಳಿಯುತ್ತದೆ ನಿಜ, ಆದರೆ ಬೆರಳಿನ ಗಂಟುನೋವು ಇರುವವರಿಗೆ ಶಿಕ್ಷೆ. ವಿ12 ಮಾದರಿಯಲ್ಲಿ ಒಮ್ಮೆ ಒತ್ತಿದರೆ ಓಡುವ ಗುಂಡಿ ಇದೆ. ಎಲ್‌ಜಿ, ಸ್ಯಾಮ್‌ಸಂಗ್‌ನಲ್ಲೂ ಗುಂಡಿಯೇ. ಅಂಗಡಿಗೆ ಅಳಿಯಂದಿರನ್ನೂ ಕರೆದುಕೊಂಡು ಹೋಗು. ಇಬ್ಬರೂ ಕೈಯಲ್ಲಿ ಹಿಡಿದು ಐದು ನಿಮಿಷ ಓಡಿಸಿ ನೋಡಿ. ಯಂತ್ರ ಬಂದ ಮೇಲೆ ಶುಕ್ರವಾರ ಜುಮಾಕ್ಕೆ ಮೊದಲು ಮನೆ ಸ್ವಚ್ಛ ಮಾಡುವ ಕೆಲಸ ಅವರದಾಗಲಿ. ಸಂಸಾರ ಹೂಡುವ ಹೊತ್ತಿನಲ್ಲೇ ಇಂಥ ರೂಢಿಗಳು ಬೀಳಬೇಕು.

ಈಗ ಬ್ಯಾಟರಿ. ಕಾರ್ಡ್‌ಲೆಸ್‌ನಲ್ಲಿ ಮೊದಲು ಸೋಲುವ ಅಂಗ ಅದೇ. ಲಿಥಿಯಂ ಬ್ಯಾಟರಿ ಕೆಲವು ನೂರು ಸಲ ತುಂಬಿ ಖಾಲಿಯಾಗುವಷ್ಟರಲ್ಲಿ ಬಲ ಕಳೆದುಕೊಳ್ಳುತ್ತದೆ. ಆ ಆಯುಸ್ಸನ್ನು ಇನ್ನಷ್ಟು ಕಡಿಮೆ ಮಾಡುವುದು ಬಿಸಿ. ಜುಲೈ, ಆಗಸ್ಟಿನಲ್ಲಿ ಹೊರಗೆ 45 ಡಿಗ್ರಿ ದಾಟುವ ಈ ದೇಶದಲ್ಲಿ ಎಸಿ ಇಲ್ಲದ ಸ್ಟೋರ್ ರೂಮು, ಮುಚ್ಚಿದ ಬಾಲ್ಕನಿ, ಮೆಟ್ಟಿಲ ಕೆಳಗಿನ ಗೂಡು ಯಾವುದೂ ಚಾರ್ಜರ್ ತಗುಲಿಸುವ ಜಾಗವಲ್ಲ. ಎಸಿ ಓಡುವ ಹಾಲಿನ ಒಂದು ಮೂಲೆಯನ್ನು ಅದಕ್ಕೆ ಬಿಟ್ಟುಕೊಡು. ಕೆಲಸ ಮುಗಿದ ಕೂಡಲೇ ಬಿಸಿಯಾಗಿರುವ ಯಂತ್ರವನ್ನು ಚಾರ್ಜಿಗೆ ಹಾಕಬೇಡ, ಸ್ವಲ್ಪ ಹೊತ್ತು ಆರಲು ಬಿಡು. ಕಾರು ಸ್ವಚ್ಛ ಮಾಡಿ ಯಂತ್ರವನ್ನು ಡಿಕ್ಕಿಯಲ್ಲೇ ಮರೆತು ಬರಬೇಡ. ಎರಡು ತಿಂಗಳು ಊರಿಗೆ ಹೋಗುವಾಗ ಅರ್ಧ ಚಾರ್ಜಿನಲ್ಲಿಟ್ಟು ತೆಗೆದಿಡು. ಬೀಗ ಹಾಕಿದ ಫ್ಲಾಟಿನಲ್ಲಿ ಎಸಿ ಇಲ್ಲದೆ ಎಷ್ಟು ಕಾಯುತ್ತದೆ ಎಂದು ನಿನಗೇ ಗೊತ್ತಾಗುತ್ತದೆ, ಪಕ್ಕದ ಮನೆಯವರ ಹತ್ತಿರ ಬಿಟ್ಟರೆ ಇನ್ನೂ ಒಳ್ಳೆಯದು.

ಹಾಗಾಗಿ ಬ್ಯಾಟರಿ ಕೈಯಲ್ಲೇ ಕಳಚಿ ಬದಲಿಸಲು ಬರುವ ಮಾದರಿಯನ್ನೇ ಕೊಳ್ಳು. ಎಲ್‌ಜಿ ಎ9ರ ಹಲವು ಪ್ಯಾಕುಗಳಲ್ಲಿ ಎರಡು ಬ್ಯಾಟರಿ ಕೊಡುತ್ತಾರೆ, ಒಂದು ಓಡುವಾಗ ಇನ್ನೊಂದು ಸ್ಟ್ಯಾಂಡಿನಲ್ಲಿ ತುಂಬುತ್ತದೆ. ಬಾಷ್ ಅನ್‌ಲಿಮಿಟೆಡ್‌ನ 18 ವೋಲ್ಟ್ ಬ್ಯಾಟರಿ ಅವರದೇ ಮನೆಬಳಕೆಯ ಡ್ರಿಲ್ಲಿಂಗ್ ಮೆಶಿನ್ನಿಗೂ ಹೊಂದುತ್ತದೆ. ಬ್ಯಾಟರಿಯನ್ನು ಒಳಗೇ ಬೆಸೆದುಬಿಟ್ಟ ಅಗ್ಗದ ಯಂತ್ರ ಬ್ಯಾಟರಿ ಸತ್ತ ದಿನವೇ ಕಸ. ವಿದ್ಯುತ್ ಬಿಲ್ಲಿನ ಚಿಂತೆ ಬೇಡ. ಒಂದು ಸಲ ತುಂಬಲು ಸುಮಾರು ಯೂನಿಟ್ಟಿನ ಹತ್ತನೆಯ ಒಂದು ಪಾಲು ಸಾಕು. ಮನೆಬಳಕೆಯ ಮೊದಲ 6000 ಯೂನಿಟ್ಟಿಗೆ ದರ 18 ಹಲಾಲ. ಐವತ್ತು ಸಲ ತುಂಬಿದರೂ ಒಂದು ರಿಯಾಲಿನ ಆಸುಪಾಸು.

ಒಂದು ದಿನ ಇಲ್ಲಿನ ಕೆಲಸ ಮುಗಿಸಿ ಎಕ್ಸಿಟ್ ಹೊಡೆದು ಊರಿಗೆ ಹೋಗುತ್ತೇವಲ್ಲ, ಆ ದೃಷ್ಟಿಯಿಂದಲೂ ಯೋಚಿಸು. ಸೌದಿಯ ಹಳೆಯ ಕಟ್ಟಡಗಳಲ್ಲಿ 127 ವೋಲ್ಟ್, 220 ವೋಲ್ಟ್ ಎರಡೂ ಇದ್ದವು. 230 ವೋಲ್ಟಿಗೆ ಹಂತಹಂತವಾಗಿ ಬದಲಾಗುವ ತೀರ್ಮಾನವನ್ನು ಸರಕಾರ ಮಾಡಿದ್ದು 2010ರಲ್ಲಿ. ಕಡಿಮೆ ವೋಲ್ಟಿನ ತಂತಿಯ ಯಂತ್ರವನ್ನು ಊರಿಗೆ ಒಯ್ದು ಸಿಕ್ಕಿಸಿದರೆ ಸುಟ್ಟುಹೋಗುತ್ತದೆ. ಕಾರ್ಡ್‌ಲೆಸ್‌ಗೆ ಆ ಭಯ ಕಡಿಮೆ. ಚಾರ್ಜರಿನ ಮೇಲೆ 100ರಿಂದ 240 ವೋಲ್ಟ್, 50 ಮತ್ತು 60 ಹರ್ಟ್ಸ್ ಎಂದು ಮುದ್ರಿಸಿದ್ದರೆ ಇಲ್ಲಿನ 60 ಹರ್ಟ್ಸ್‌ಗೂ ಊರಿನ 50 ಹರ್ಟ್ಸ್‌ಗೂ ಆಯಿತು. ಇಲ್ಲಿನ ಚೌಕ ಪಿನ್ನಿಗೂ ಊರಿನ ದುಂಡು ಪಿನ್ನಿಗೂ ಒಂದು ಅಡಾಪ್ಟರ್ ಸಾಕು. ಆದರೆ ವಾರಂಟಿ ಸಾಮಾನ್ಯವಾಗಿ ಕೊಂಡ ದೇಶಕ್ಕೆ ಮಾತ್ರ. ಅದೇ ಮಾದರಿ ಭಾರತದಲ್ಲೂ ಮಾರಾಟವಾಗುತ್ತದೆಯೇ ಎಂದು ನೋಡಿಕೊಂಡರೆ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಬಿಡಿಭಾಗ ಸಿಗುವ ಆಸೆಯಿರುತ್ತದೆ.

ವಿಮಾನದಲ್ಲಿ ಒಯ್ಯುವಾಗ ಬ್ಯಾಟರಿಯ ಮೇಲಿನ ವ್ಯಾಟ್ ಅವರ್ ಅಂಕಿ ಓದು. ಬರೆದಿಲ್ಲದಿದ್ದರೆ ವೋಲ್ಟನ್ನು ಆಂಪಿಯರ್ ಅವರ್‌ನಿಂದ ಗುಣಿಸು. 25.2 ವೋಲ್ಟ್, 3.6 ಆಂಪಿಯರ್ ಅವರ್ ಎಂದರೆ ಸುಮಾರು 91. ಬಿಡಿ ಲಿಥಿಯಂ ಬ್ಯಾಟರಿ ಯಾವಾಗಲೂ ಕೈಚೀಲದಲ್ಲೇ ಇರಬೇಕು, ಚೆಕ್‌ಇನ್ ಲಗೇಜಿನಲ್ಲಿ ಹಾಕುವಂತಿಲ್ಲ. 100 ವ್ಯಾಟ್ ಅವರ್ ತನಕ ತೊಂದರೆಯಿಲ್ಲ. 100ರಿಂದ 160ರ ನಡುವಿನದಕ್ಕೆ ವಿಮಾನ ಕಂಪನಿಯ ಒಪ್ಪಿಗೆ ಬೇಕು. ಟಿಕೆಟ್ ಮಾಡುವಾಗಲೇ ಕೇಳಿಟ್ಟುಕೊಂಡರೆ ಕೌಂಟರಿನಲ್ಲಿ ಪೆಟ್ಟಿಗೆ ಬಿಚ್ಚುವ ಪ್ರಸಂಗ ಬರುವುದಿಲ್ಲ.

ಎಲ್ಲಿ ಕೊಳ್ಳುವುದು? ಎಕ್ಸ್‌ಟ್ರಾ, ಜರೀರ್, ಲುಲು, ಕ್ಯಾರಿಫೋರ್‌ನಲ್ಲಿ ಕೈಯಲ್ಲಿ ಹಿಡಿದು ನೋಡಬಹುದು. ನೂನ್, ಅಮೆಜಾನಿನಲ್ಲಿ ಬೆಲೆ ಹೋಲಿಸಬಹುದು. ಅವಸರವಿಲ್ಲದಿದ್ದರೆ ಸೆಪ್ಟೆಂಬರ್ 23ರ ರಾಷ್ಟ್ರೀಯ ದಿನದ ಆಫರಿಗೋ ನವೆಂಬರಿನ ವೈಟ್ ಫ್ರೈಡೆಗೋ ಕಾಯಿ. ಹಾಕಿರುವ ಬೆಲೆಯಲ್ಲಿ 15 ಶೇಕಡಾ ಮೌಲ್ಯವರ್ಧಿತ ತೆರಿಗೆ ಸೇರಿದೆಯೇ ಎಂದು ನೋಡು. ಆನ್‌ಲೈನ್‌ನಲ್ಲಿ ಕೊಂಡದ್ದು ಬೇಡವೆನಿಸಿದರೆ, ಬಳಸದೆ ಇದ್ದರೆ, ಕೈಗೆ ಬಂದ ಏಳು ದಿನದೊಳಗೆ ಹಿಂತಿರುಗಿಸುವ ಹಕ್ಕನ್ನು 2019ರ ಇ-ವಾಣಿಜ್ಯ ಕಾನೂನು ಕೊಟ್ಟಿದೆ. ಬಿಲ್ಲು, ವಾರಂಟಿ ಕಾರ್ಡ್ ಎರಡನ್ನೂ ಅಂದೇ ಫೋಟೊ ತೆಗೆದಿಟ್ಟುಕೊ, ಉಷ್ಣ ಕಾಗದದ ಬಿಲ್ಲು ಬೇಗ ಮಾಸಿಹೋಗುತ್ತದೆ. ಅಂಗಡಿಯವರು ವಾರಂಟಿಗೆ ಸತಾಯಿಸಿದರೆ ವಾಣಿಜ್ಯ ಸಚಿವಾಲಯದ 1900 ಸಂಖ್ಯೆಗೆ ದೂರು ಕೊಡಬಹುದು. ಹೊಸಬರು ಭಾಷೆ ಬಾರದೆಂದು ಹೆದರಿ ಸುಮ್ಮನಾಗುತ್ತಾರೆ, ನೀನು ಹಾಗೆ ಮಾಡಬೇಡ.

ಹಣ ಕೊಡುವ ಮುಂಚೆ ಒಂದು ಕೆಲಸ ಮಾಡು. ಆ ಮಾದರಿಯ ಬಿಡಿ ಫಿಲ್ಟರ್, ಬಿಡಿ ಬ್ಯಾಟರಿ ಸೌದಿಯಲ್ಲಿ ಈಗ ಮಾರಾಟಕ್ಕಿದೆಯೇ ಎಂದು ಹುಡುಕು. ಸಿಗದಿದ್ದರೆ ಎಷ್ಟೇ ಅಗ್ಗವಿರಲಿ ಬಿಟ್ಟುಬಿಡು. ಊರಿಗೆ ಮರಳುವವರು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮಾರುವ ಹಳೆಯ ಯಂತ್ರಕ್ಕೂ ಇದೇ ನಿಯಮ. ಅದನ್ನು ನಿನ್ನ ಮುಂದೆ ಪೂರ್ತಿ ಚಾರ್ಜಿನಿಂದ ನಡುವಿನ ಶಕ್ತಿಯಲ್ಲಿ ಓಡಿಸಿ ಎಷ್ಟು ನಿಮಿಷ ಬಾಳುತ್ತದೆ ನೋಡು. ಬ್ಯಾಟರಿ ಸೋತಿದ್ದರೆ ಹೊಸ ಬ್ಯಾಟರಿಯ ಬೆಲೆಯನ್ನು ಕಳೆದು ಚೌಕಾಸಿ ಮಾಡು.

ಇನ್ನು ನೀನು ಕೇಳಿದ ಹೆಸರುಗಳು. ಧೂಳು ಬಿಗಿಯಾಗಿ ಹಿಡಿಯುವುದೇ ಮುಖ್ಯ, ಕೈಯಲ್ಲಿ ಹಣವೂ ಇದೆ ಎಂದರೆ ಡೈಸನ್ ವಿ15 ಒಳ್ಳೆಯದು. ಅದರ ಬಾಯಿಯಿಂದ ಬೀಳುವ ಹಸಿರು ಬೆಳಕಿನಲ್ಲಿ ಟೈಲ್ಸ್ ಮೇಲಿನ ನುಣ್ಣನೆಯ ಧೂಳು ಕಣ್ಣಿಗೆ ಕಾಣುತ್ತದೆ, ಗುಬಾರಿನ ಊರಿನಲ್ಲಿ ಇದು ಆಡಂಬರವಲ್ಲ. ಕೈ ಸಣ್ಣದು, ಮನೆಯೂ ಸಣ್ಣದು ಎಂದರೆ ವಿ12 ಹಗುರ, ಆದರೆ ಡಬ್ಬಿಯೂ ಸಣ್ಣದು, ಗುಬಾರಿನ ದಿನ ಎರಡೆರಡು ಸಲ ಖಾಲಿ ಮಾಡಬೇಕಾದೀತು. ಉಬ್ಬಸದ ಮನೆಗೆ ಸ್ಟೇಷನ್ ಸಮೇತ ಸ್ಯಾಮ್‌ಸಂಗ್ ಜೆಟ್. ದೊಡ್ಡ ಮನೆಗೆ ಎರಡು ಬ್ಯಾಟರಿಯ ಎಲ್‌ಜಿ. ಕೈಬಿಗಿಯಿದ್ದರೆ ಶಓಮಿ, ಡ್ರೀಮಿ, ಫಿಲಿಪ್ಸ್‌ನ ನಡುವಿನ ಬೆಲೆಯ ಮಾದರಿಗಳೂ ಟೈಲ್ಸ್ ಮನೆಗೆ ಸಾಕು, ಫಿಲ್ಟರ್ ಸಿಗುವುದನ್ನು ಖಚಿತಪಡಿಸಿಕೊಂಡರಾಯಿತು. ಟಿನೆಕೊ, ಬಿಸೆಲ್‌ನವರ ನೀರು ಹಾಕಿ ತೊಳೆಯುತ್ತಾ ಹೀರುವ ಕಾರ್ಡ್‌ಲೆಸ್ ಟೈಲ್ಸ್‌ಗೆ ಚೆಂದ, ಆದರೆ ಅದು ಹಾಸಿಗೆಗೂ ಎಸಿಗೂ ಆಗುವುದಿಲ್ಲ, ಕೆಲಸವಾದ ಮೇಲೆ ಕೊಳೆನೀರಿನ ಡಬ್ಬಿ ತೊಳೆಯದಿದ್ದರೆ ನಾರುತ್ತದೆ. ಮೊದಲ ಯಂತ್ರವಾಗಿ ಅದನ್ನು ಕೊಳ್ಳಬೇಡ.

ತಂದ ಮೇಲೆ ಬಳಸುವ ಕ್ರಮವನ್ನೂ ಹೇಳಿಬಿಡುತ್ತೇನೆ. ಗುಬಾರು ಬೀಸುತ್ತಿರುವಾಗ ಮನೆ ಸ್ವಚ್ಛ ಮಾಡಲು ಹೋಗಬೇಡ. ಗಾಳಿ ನಿಂತು ಕೆಲವು ಗಂಟೆ ಕಳೆಯಲಿ. ಮೊದಲು ಎಸಿ ಫಿಲ್ಟರ್ ತೊಳೆ, ಇಲ್ಲದಿದ್ದರೆ ಸ್ವಚ್ಛ ಮಾಡಿದ ಕೋಣೆಗೆ ಅದೇ ಮತ್ತೆ ಧೂಳು ಊದುತ್ತದೆ. ಆಮೇಲೆ ಮೇಲಿನಿಂದ ಕೆಳಕ್ಕೆ ಬಾ: ಪರದೆ, ಕಪಾಟು, ಕಿಟಕಿ ಹಳಿ, ಕೊನೆಗೆ ನೆಲ. ವ್ಯಾಕ್ಯೂಮ್ ಆದ ಮೇಲೆ ಮಾಪ್. ಮೊದಲೇ ಒದ್ದೆ ಮಾಡಿದರೆ ಧೂಳು ಕೆಸರಾಗಿ ಟೈಲ್ಸ್ ಸಂದಿಯಲ್ಲಿ ಕೂರುತ್ತದೆ.

ಫಿಲ್ಟರನ್ನು ಕಂಪನಿ ತಿಂಗಳಿಗೊಮ್ಮೆ ತೊಳೆಯಿರಿ ಎಂದಿದ್ದರೆ ನೀನು ಗುಬಾರಿನ ತಿಂಗಳುಗಳಲ್ಲಿ ಎರಡು ಸಲ ತೊಳೆ, ತೊಳೆಯಬಹುದಾದ ಫಿಲ್ಟರ್ ಆಗಿದ್ದರೆ ಮಾತ್ರ. ಪೂರ್ತಿ ಒಂದು ದಿನ ನೆರಳಲ್ಲಿ ಒಣಗಿಸು. ರಿಯಾದಿನ ಒಣಹವೆಯಲ್ಲಿ ಬೇಗ ಆರುತ್ತದೆ, ದಮಾಮ್, ಜಿದ್ದಾದ ಆಗಸ್ಟಿನ ಸೆಕೆಯಲ್ಲಿ ಹಾಗಲ್ಲ. ಹಸಿ ಫಿಲ್ಟರ್ ಹಾಕಿ ಓಡಿಸಿದರೆ ಧೂಳು ಅಂಟಿ ಗಟ್ಟಿಯಾಗಿ ಮೋಟಾರಿಗೆ ಉಸಿರು ಕಟ್ಟುತ್ತದೆ. ಎರಡು ಫಿಲ್ಟರ್ ಇಟ್ಟುಕೊಂಡರೆ ಒಂದು ಒಣಗುವಾಗ ಇನ್ನೊಂದು ಓಡುತ್ತದೆ. ಹೀರುವುದು ಕಡಿಮೆಯಾಯಿತು ಎಂದು ರಿಪೇರಿಗೆ ಒಯ್ಯುವ ಮುಂಚೆ ಫಿಲ್ಟರ್ ತೊಳೆದು ನೋಡು, ಬಹಳ ಸಲ ಕಾಯಿಲೆ ಅಲ್ಲೇ ಇರುತ್ತದೆ.

ಹೀರಬಾರದ್ದು ಮೂರು: ನೀರು, ಗೋಡೆ ಉಜ್ಜಿದ ಪುಟ್ಟಿ ಅಥವಾ ಸಿಮೆಂಟ್ ಪುಡಿ, ಬಖೂರ್ ಎಂಬ ಸುಗಂಧಧೂಪ ಹಾಕಿದ ಮಬ್ಖರ ಎಂಬ ಧೂಪದ ಪಾತ್ರೆಯ ಬೂದಿ. ನಮ್ಮ ಧೂಪದ ಬೂದಿಯೂ ಅಷ್ಟೇ. ಮೇಲೆ ತಣ್ಣಗೆ ಕಂಡರೂ ಒಳಗೆ ಕೆಂಡ ಇರಬಹುದು, ಡಬ್ಬಿಯೊಳಗೆ ಗಾಳಿ ಸಿಕ್ಕರೆ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲೇ ಲಿಥಿಯಂ ಬ್ಯಾಟರಿ ಇದೆ ಎಂಬುದನ್ನು ಮರೆಯಬೇಡ. ಉಬ್ಬಿದ, ವಾಸನೆ ಬರುವ ಬ್ಯಾಟರಿಯನ್ನು ಬಲದಿಯಾದ, ಎಂದರೆ ನಗರಪಾಲಿಕೆಯ, ಕಸದ ಡ್ರಮ್ಮಿಗೆ ಎಸೆಯಬೇಡ, ಸರ್ವಿಸ್ ಸೆಂಟರಿಗೆ ಕೊಡು.

ಇಷ್ಟೂ ನೆನಪಿರುವುದಿಲ್ಲವೆಂದರೆ ಅಂಗಡಿಗೆ ಹೋಗುವಾಗ ಈ ಕ್ರಮವನ್ನು ಫೋನಿನಲ್ಲಿ ಬರೆದುಕೊ. ಮೊದಲು ಫಿಲ್ಟರಿನ ದರ್ಜೆ ಮತ್ತು ಬಿಗಿ, ಆಮೇಲೆ ಕಳಚಲು ಬರುವ ಬ್ಯಾಟರಿ, ಆಮೇಲೆ ಬಿಡಿಭಾಗ ಸಿಗುವುದು, ಆಮೇಲೆ ಕೈಯ ತೂಕ ಮತ್ತು ಡಬ್ಬದಲ್ಲಿರುವ ಬಾಯಿಗಳು, ಕೊನೆಗೆ ಏರ್ ವ್ಯಾಟ್ ಮತ್ತು ಬಣ್ಣ. ಬೆಲೆ ಹೋಲಿಸುವುದಾದರೆ ಈ ಐದರಲ್ಲಿ ಮೊದಲ ಮೂರು ತೇರ್ಗಡೆಯಾದವುಗಳನ್ನು ಮಾತ್ರ ಹೋಲಿಸು. ದುಬಾರಿಯದ್ದೇ ಬೇಕೆಂದಿಲ್ಲ. ನಿಮ್ಮಿಬ್ಬರ ಉಸಿರಿಗೆ, ನಾಳೆ ನೆಲದ ಮೇಲೆ ಅಂಬೆಗಾಲಿಡುವ ಮಗುವಿನ ಉಸಿರಿಗೆ ಧೂಳು ತಲುಪದಂತೆ ನೋಡಿಕೊಳ್ಳುವ ಯಂತ್ರ ಯಾವುದೋ ಅದನ್ನು ತೆಗೆದುಕೊ, ತಿಂಗಳು ತಿಂಗಳೂ ಅದರ ಫಿಲ್ಟರ್ ತೊಳೆಯುವುದನ್ನು ತಪ್ಪಿಸಬೇಡ.